ಎರಡನೇ ಸುತ್ತು

ಪ್ರಭುದಾಸ ಬಲಗೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡೇ ಎಡಗೈಯನ್ನು ಹಿಂದಕ್ಕೆ ಹಾಕಿ, ಬೆನ್ನ ಹಿಂದಿನ ತಗಡಿಗೆ ದಬದಬ ಗುದ್ದಿದ.

"ಏ, ಬಾಯಿ ಮುಚ್ಕೊಂಡು ಕೂಡ್ರಿಬೇ! ದಿನಾ ಇದ ಗೋಳಾತು ನಿಮ್ದು!"

ತಗಡಿನ ಆಚೆ, ಪಿಕಪ್ ಗಾಡಿಯ ಹಿಂಭಾಗದಲ್ಲಿ, ಮಲ್ಲಟದ ಕಡೆಯ ಹೊಲದಲ್ಲಿ ಹತ್ತಿ ಬಿಡಿಸಿ ಮನೆಗೆ ಹೊರಟ ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಅವನ ಗುದ್ದಿಗೆ ಉತ್ತರವಾಗಿ ಬೂದೆಮ್ಮ ಒಳಗಿನಿಂದ ಎರಡು ಗುದ್ದು ಕೊಟ್ಟಳು.

"ನಿನ್ನ ಮಗ ತಾಳ ಹಾಕಾಕತ್ಯಾನಬೇ ರೂತಮ್ಮಾ!"

ನಗು ಎದ್ದಿತು. ಹಾಡು ನಿಲ್ಲಲಿಲ್ಲ.

ಹಾಡು ಕಟ್ಟಿದವಳು ಅವನ ತಾಯಿ ರೂತಮ್ಮ. ಅಕ್ಷರ ಬಾರದವಳು, ಕೇರಿಯ ಚರ್ಚಿನಲ್ಲಿ ಪಾಸ್ಟರು ಹೇಳಿದ್ದನ್ನು ಕೇಳಿ ಕೇಳಿ ತನ್ನದೇ ಪದ ಕಟ್ಟುತ್ತಿದ್ದಳು. ಹೊಲದಿಂದ ಮರಳುವಾಗ ಒಬ್ಬೊಬ್ಬಳೂ ಆ ದಿನ ಸಿಕ್ಕ ಒಂದು ಒಳ್ಳೆಯದನ್ನು ಒಂದು ಸಾಲಿನಲ್ಲಿ ಹಾಡಬೇಕು, ಉಳಿದವರು ಪಲ್ಲವಿ ಹಿಡಿಯಬೇಕು. ಸುತ್ತು ಕೊನೆಯವಳನ್ನು ಮುಟ್ಟಿ ಆಮೆನ್ ಆಗುವ ತನಕ ಯಾರೂ ಮೇಲೇಳುವಂತಿಲ್ಲ. ಅದೂ ಪ್ರಾರ್ಥನೆಯೇ. ಗುಲ್ನಾಜ್ ಚರ್ಚಿನವಳಲ್ಲ, ಕರ್ತ ಅನ್ನುವ ಕಡೆ ಅವಳು ಮಾಲಿಕ ಅನ್ನುತ್ತಿದ್ದಳು. ಅದಕ್ಕೆ ಯಾರೂ ತಕರಾರು ತೆಗೆದವರಿಲ್ಲ.

ಒಡದ ಹಿಮ್ಮಡಿಗಿ ಇಬ್ಬನಿ ತಂಪ
ಇಷ್ಟು ಕೊಟ್ಟಾನ ಕರ್ತ, ಇಷ್ಟ ಸಾಕೋ
ಸಂಜಿಗಿ ಆರೋ ಹಗಲಿಗಿ ಇಷ್ಟ ಸಾಕೋ

ಆ 'ಸಾಕೋ' ಕೇಳಿದರೆ ಪ್ರಭುದಾಸನಿಗೆ ಮೈಯೆಲ್ಲ ಉರಿ. ಏನು ಸಾಕು? ಅಪ್ಪ ಹತ್ತಿಗೆ ಎಣ್ಣೆ ಹೊಡೆಯುತ್ತ ಹೊಡೆಯುತ್ತ, ಆ ವಿಷದ ಘಾಟಿಗೆ ಹೊಲದಲ್ಲೇ ಬಿದ್ದು ಸತ್ತ. ಒಂಬತ್ತನೇ ತರಗತಿಯ ಚೀಲವನ್ನು ಗೂಟಕ್ಕೆ ನೇತುಹಾಕಿ ಪ್ರಭುದಾಸ ಗಾಡಿಗಳ ಕ್ಲೀನರ್ ಆದ. ಅಪ್ಪನನ್ನು ಹೂಳಿ ಬಂದ ಸಂಜೆಯೂ ಇವಳು ಒಲೆ ಮುಂದೆ ಕೂತು ಇದನ್ನೇ ಗುನುಗಿದ್ದಳು. ಅವತ್ತಿನಿಂದ ಅವನು ಚರ್ಚಿನ ಮೆಟ್ಟಿಲು ತುಳಿದಿಲ್ಲ. ಗೌಡರ ಮನೆಯ ಹೆಂಗಸರು ಯಾಕೆ ಹಾಡುವುದಿಲ್ಲ ಇಷ್ಟ ಸಾಕು ಅಂತ? ನಮ್ಮವರಿಗೇ ಯಾಕೆ ಇಷ್ಟು ಲಗೂ ಹೊಟ್ಟೆ ತುಂಬುತ್ತದೆ?

ಮುಂದೆ ಬಂಡೆಗುಡ್ಡದ ಇಳಕಲು ಬಂತು. ಅವನು ಬ್ರೇಕ್ ಒತ್ತಿದ. ಪೆಡಲು ಸೀದಾ ತಳ ಮುಟ್ಟಿತು.

ಮತ್ತೆ ಒತ್ತಿದ. ತಳ. ಪಟಪಟನೆ ತುಳಿದ. ಕಾಲಡಿ ಗಾಳಿ ತುಳಿದಂತಾಯಿತು.

ಮುಂಜಾನೆಯೇ ಅವನು ಗಾಡಿಯ ಮಾಲೀಕ ಚನ್ನವೀರನಿಗೆ ಹೇಳಿದ್ದ. "ಧಣೀ, ಬ್ರೇಕ್ ಕೆಳಗ ಹೊಂಟದ್ರೀ." ಚನ್ನವೀರ ಹಲ್ಲುಜ್ಜುತ್ತ, "ಎರಡು ಸಲ ತುಳಿಯೋ, ಹಿಡಿತದ. ಐತಾರ ನೋಡಣಂತ. ಆಗಲ್ಲಂದ್ರ ಕೀಲಿ ಇಟ್ಟು ಹೋಗು, ಗಾಡಿ ಹೊಡ್ಯಾಕ ಹುಲಗಪ್ಪ ಕಾಯಾಕತ್ಯಾನ" ಅಂದಿದ್ದ. ಪ್ರಭುದಾಸ ಕೀಲಿ ಇಟ್ಟು ಬರಲಿಲ್ಲ.

ಗೇರು ಎರಡಕ್ಕೆ ಇಳಿಸಿದ. ಎಂಜಿನ್ ಅರಚಿತು. ಕೈಬ್ರೇಕ್ ಎಳೆದ, ಸುಟ್ಟ ವಾಸನೆ ಬಂತೇ ಹೊರತು ಗಾಡಿ ನಿಲ್ಲುವ ಲಕ್ಷಣ ಕಾಣಲಿಲ್ಲ. ಇಳಕಲಿನ ಬುಡದಲ್ಲಿ ಎಡಕ್ಕೆ ತಿರುಗುವ ಕಾಲುವೆ ಸೇತುವೆ. ಅದರ ಒಂದು ಕಡೆಯ ತಡೆಗೋಡೆ ಯಾವತ್ತೋ ಬಿದ್ದುಹೋಗಿತ್ತು. ಕೆಳಗೆ ಕಾಲುವೆ ದಂಡೆ ತುಂಬ ಹರಿಯುತ್ತಿತ್ತು. ಈ ಓಟದಲ್ಲಿ ಆ ತಿರುವು ದಾಟುವುದಿಲ್ಲ. ಸೇತುವೆಗೆ ಮುಂಚೆ, ಬಲಗಡೆ, ಕೊಯ್ದ ಭತ್ತದ ಗದ್ದೆಗೆ ಟ್ರ್ಯಾಕ್ಟರ್ ಇಳಿಯುವ ಒಂದು ದಾರಿ ಇತ್ತು. ಅದೊಂದೇ. ಆದರೆ ಹಿಂದಿನವರು ಕೂತಿರಬೇಕು. ಎದ್ದು ನಿಂತರೋ, ಹೊರಳುವಾಗ ಗಾಡಿ ಮಗುಚಿ ಬೀಳುತ್ತದೆ. ನಿಜ ಹೇಳಿದರೆ ಒಬ್ಬರ ಹಿಂದೊಬ್ಬರು ಜಿಗಿಯುತ್ತಾರೆ.

ಹಿಂದೆ ಕೊನೆಯವಳಾದ ಮುದುಕಿ ದುರುಗಮ್ಮ ತನ್ನ ಸಾಲು ಎಳೆಯುತ್ತಿದ್ದಳು. ಅದು ಮುಗಿದರೆ ಆಮೆನ್. ಊರು ಹತ್ತಿರ ಬಂತೆಂದು, ಆಮೆನ್ ಆದಕೂಡಲೇ ಎಲ್ಲರೂ ಎದ್ದು ಗಂಟು ಹಿಡಿದು ಹಿಂಬಾಗಿಲ ಕಡೆ ನುಗ್ಗುವುದು ದಿನದ ರೂಢಿ.

"ಯವ್ವಾ!" ಅವನು ತಲೆಯ ಹಿಂದಿನ ಕೈಯಗಲ ಕಿಂಡಿಯತ್ತ ಕೂಗಿದ. "ಇನ್ನೊಂದು ಸುತ್ತು ಹಾಡ್ರಿ!"

"ಏನಂತಾನಬೇ ಇವ?" ಬೂದೆಮ್ಮನ ದನಿ. "ಇವತ್ತು ಹೊತ್ತು ಯಾ ಕಡಿ ಹುಟ್ಟಿತ್ತು?"

"ಹಾಡ್ರಿ ಅಂದ್ನೆಲ್ಲ! ಆಮೆನ್ ಅನಬ್ಯಾಡ್ರಿ! ಯಾರೂ ಏಳಬ್ಯಾಡ್ರಿ!"

ಕಿಂಡಿಯಲ್ಲಿ ರೂತಮ್ಮನ ಮುಖ ಕಾಣಿಸಿತು. ಕನ್ನಡಿಯಲ್ಲಿ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಅವಳ ನೋಟ ಕೆಳಗಿಳಿದು, ಪೆಡಲು ತುಳಿತುಳಿದು ಕುಣಿಯುತ್ತಿದ್ದ ಅವನ ಮೊಣಕಾಲಿನ ಮೇಲೆ ನಿಂತಿತು. ಮುಖ ಮರೆಯಾಯಿತು. ಮರುಕ್ಷಣ ದನಿ ಎದ್ದಿತು, ದಿನಕ್ಕಿಂತ ಒಂದು ಸ್ವರ ಮೇಲೆ.

ಹತ್ತಿಕಾಯಿ ಚುಚ್ಚಿದ ಬೆರಳಿನ ರಗತ ನಿಂತದ
ಇಷ್ಟು ಕೊಟ್ಟಾನ ಕರ್ತ, ಇಷ್ಟ ಸಾಕೋ

"ಕೂಡ್ರಿ, ಎಲ್ಲಾರೂ ಕೂಡ್ರಿ, ಕೈ ಕೈ ಹಿಡೀರಿ. ಬೂದೆವ್ವಾ, ನಿಂದು," ಎಂದಳು ರೂತಮ್ಮ.

"ನಂದೇನು ಉಳದದಬೇ? ಇದ್ದದ್ದೊಂದು ಹೇಳಿ ಮುಗಿಸೀನಿ!"

"ಹುಡುಕು."

ಹಿಂದೆ ಹಾಡು ತಡವರಿಸಿತು. ಪ್ರಭುದಾಸನ ಅಂಗೈ ಬೆವರಿಗೆ ಸ್ಟೇರಿಂಗ್ ಜಾರಿತು. ಹಾಡ್ರಬೇ, ಹಾಡ್ರಿ. ಎದುರಿಗೆ ಒಂದು ಎತ್ತಿನ ಬಂಡಿ. ಹಾರ್ನ್ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ. ಬಂಡಿಯವನು ಬೈಯುತ್ತ ಪಕ್ಕಕ್ಕೆ ಎಳೆದುಕೊಂಡ.

ಬುತ್ತಿಯ ತಳದಾಗ ಚಟ್ನಿ ಇನ್ನಷ್ಟು, ಎಂದಳು ಬೂದೆಮ್ಮ.

ಜಾಲಿಯ ನೆರಳ ನನ ಮಗ್ಗಲಿಗಿ ಬಂತ. ಇದು ಗುಲ್ನಾಜ್.

ಪಕ್ಕದಾಕಿ ಭುಜ ನನಗ ತಲಿದಿಂಬ. ಯಾರೋ ಸಣ್ಣ ಪ್ರಾಯದವಳು. ನಡುವೆ ನಗು, "ಅದಕ ನನ್ನ ಭುಜ ಸೆಟಗೊಂಡದ!" ಎಂಬ ಕೂಗು, ಮತ್ತೆ ಪಲ್ಲವಿ.

ಆ ದಿನದ ದೊಡ್ಡ ಖುಷಿಗಳೆಲ್ಲ ಮೊದಲ ಸುತ್ತಿಗೇ ಖರ್ಚಾಗಿದ್ದವು. ಈಗ ಅವರು ದಿನದ ಸಂದಿಗೊಂದಿ ತಡಕುತ್ತಿದ್ದರು. ಕಡ್ಡಿ, ಕಾಳು, ಒಂದು ಗುಟುಕು. ಗಾಡಿ ಜೋರಾಗುತ್ತಲೇ ಇತ್ತು. ಸೇತುವೆ ದೊಡ್ಡದಾಗುತ್ತ ಬಂತು. ಸುತ್ತು ಇನ್ನು ದುರುಗಮ್ಮನೊಬ್ಬಳಿಗೇ ಬಾಕಿ.

"ದುರುಗವ್ವಾ, ಸಾವಕಾಶ ಹೇಳು," ಎಂದಳು ರೂತಮ್ಮ. "ಅವಸರ ಇಲ್ಲ."

ಮುದುಕಿ ಕೆಮ್ಮಿದಳು. ಗಂಟಲು ಸರಿಮಾಡಿಕೊಂಡಳು. ಸೂಜ್ಯಾಗ ದಾರ... ಎಂದು ಶುರುಮಾಡಿ, ಎಳೆದೂ ಎಳೆದು, ...ಒಂದ ಸಲಕ್ಕ ಹೋತ...

ಪ್ರಭುದಾಸ ಸ್ಟೇರಿಂಗ್ ಬಲಕ್ಕೆ ಹೊರಳಿಸಿದ. ಬಲಗಡೆಯ ಗಾಲಿಗಳು ಹಗುರಾದದ್ದು ಅವನಿಗೆ ಕುಂಡೆಯಡಿ ತಿಳಿಯಿತು. ಒಂದು ಕ್ಷಣ ಗಾಡಿ ಅತ್ತಲೋ ಇತ್ತಲೋ ಎಂದು ನಿಂತಿತು. ಆಮೇಲೆ ದಡ್ಡನೆ ಗದ್ದೆಗೆ ಬಿತ್ತು. ಕೂಳೆ ತರಿಯುತ್ತ, ಒಂದು ಬದು ಹಾರಿ, ಹುಲ್ಲಿನ ರಾಶಿಗೆ ಮೂತಿ ತೂರಿಸಿ ನಿಂತಿತು. ಎಂಜಿನ್ ತಾನಾಗಿಯೇ ಬಂದ್ ಆಯಿತು.

ಹಿಂದೆ ಕಿರುಚಾಟ, ಬೈಗುಳ, ಒಬ್ಬರ ಮೇಲೊಬ್ಬರು ಬಿದ್ದವರ ನರಳಾಟ. ಬೂದೆಮ್ಮ ಎಲ್ಲರಿಗಿಂತ ಮೊದಲು ಕೆಳಗಿಳಿದು ಅವನ ಕಿಟಕಿಗೆ ಬಂದಳು. ಹಣೆಯಲ್ಲಿ ರಕ್ತ.

"ಏನಲೇ ಭಾಡ್ಯಾ, ಕುಡದೀ ಏನು?"

"ಬ್ರೇಕ್ ಹೋಗಿತ್ತು."

ಅವಳು ಸೇತುವೆ ನೋಡಿದಳು. ಮುರಿದ ಗೋಡೆ ನೋಡಿದಳು. ನೀರು ನೋಡಿದಳು. ಉಳಿದವರೂ ನೋಡಿದರು. ಯಾರೋ "ಸ್ತೋತ್ರ, ಸ್ತೋತ್ರ" ಎಂದು ಎದೆ ಹಿಡಿದುಕೊಂಡರು. ಗುಲ್ನಾಜ್ ಸೆರಗು ತಲೆಗೆಳೆದುಕೊಂಡು ಎರಡೂ ಅಂಗೈ ಮೇಲೆತ್ತಿದಳು. ದುರುಗಮ್ಮ ಕಿಟಕಿಯೊಳಗೆ ಕೈ ಹಾಕಿ ಅವನ ಗದ್ದ ಮುಟ್ಟಿ, "ನಮ್ಮಪ್ಪ, ಇಷ್ಟು ಮಂದಿ ಜೀವ ಉಳಸಿದಿ, ನೂರು ವರ್ಷ ಬಾಳು" ಎಂದು ಲಟಿಕೆ ಮುರಿದಳು.

ಆ ಕೈ ಅವನಿಗೆ ಕೆಂಡದಂತೆ ತಾಗಿತು.

"ಮುಟಬ್ಯಾಡಬೇ ಆಯಿ." ಅವನು ಮುಖ ತಿರುಗಿಸಿದ. "ಮುಂಜಾನಿನ ಗೊತ್ತಿತ್ತು ನನಗ. ಬ್ರೇಕ್ ನಿಲ್ಲಲ್ಲಂತ ಗೊತ್ತಿದ್ದೂ ನಿಮ್ಮನ್ನ ಹತ್ತಿಸಿಕೊಂಡು ಬಂದೆ. ಇಲ್ಲಂದ್ರ ಹುಲಗಪ್ಪಗ ಗಾಡಿ ಕೊಡ್ತಿದ್ದ ಆ ಧಣಿ."

ಬೂದೆಮ್ಮ ಬಾಗಿಲು ತೆಗೆದು ಅವನ ಕಪಾಳಕ್ಕೆ ಒಂದು ಬಿಟ್ಟಳು. ಮತ್ತೊಂದಕ್ಕೆ ಕೈಯೆತ್ತಿದವಳು ಅಲ್ಲೇ ಗದ್ದೆಯಲ್ಲಿ ಕುಸಿದು ಕೂತು ಅಳತೊಡಗಿದಳು. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಗಂಟು ಇಳಿಸಿಕೊಂಡು ದೂರ ಸರಿದು ನಿಂತರು.

ರೂತಮ್ಮ ಎಲ್ಲರಿಗಿಂತ ಕಡೆಗೆ ಬಂದಳು. ತಲೆಗೂದಲ ತುಂಬ ಹತ್ತಿಯ ಅರಳೆ.

"ನೀನೂ ಬಡಿಬೇ," ಅಂದ ಅವನು, ಮುಂದಿನ ಗಾಜನ್ನೇ ನೋಡುತ್ತ. "ಇಲ್ಲಾ ಅದನ್ನ ಹಾಡು. ಇಷ್ಟ ಸಾಕಂತ ಹಾಡು."

ಅವಳು ಹಾಡಲಿಲ್ಲ. ಹೊತ್ತು ಮುಳುಗುತ್ತಿತ್ತು. ಅವಳು ಬಾಗಿ ಅವನ ಕಾಲ ಬಳಿ ನೋಡಿದಳು. ಅವನ ಬಲಗಾಲು ಇನ್ನೂ ಪೆಡಲನ್ನು ತಳಕ್ಕೆ ಒತ್ತಿ ಹಿಡಿದಿತ್ತು. ಕಾಯಿ ಚುಚ್ಚಿ ಚುಚ್ಚಿ ಒರಟಾದ ಎರಡೂ ಕೈಯಿಂದ ಅವಳು ಹಿಮ್ಮಡಿ ಹಿಡಿದಳು. ಮೊದಲು ಅದು ಬರಲಿಲ್ಲ. ಅವಳು ಕಾದಳು. ಆಮೇಲೆ ನಿಧಾನ ಎತ್ತಿ, ಹೊರಗೆ ತಂದು, ಕೂಳೆಯ ಮೇಲೆ ಇಟ್ಟಳು.