ಟೋಪಿಯ ಕೆಳಗಿನ ಮುಖಗಳು

“ಇನ್ನೊಂದು ಸಲ ತೆಗೀರಿ ಅತ್ತಿಗೆ. ಇದ್ರಲ್ಲಿ ನಾನ್ಯಾರು, ನನ್ನ ಹೆಂಡ್ತಿ ಯಾರು, ಒಂದೂ ಗೊತ್ತಾಗ್ತಿಲ್ಲ,” ಅಂದ ಮೈದುನ ಕಸಿಮಿರೊ, ಕ್ಯಾಮೆರಾದ ಪರದೆಗೆ ಮೂಗು ತಾಗಿಸಿ.

ಬೆನೆದಿಕ್ತಾ ಮೂರನೇ ಸಲ ಗುಂಡಿ ಒತ್ತಿದಳು. ಅಂಗಳದ ನಡುವೆ ತೆರೆದ ಶವಪೆಟ್ಟಿಗೆಯಲ್ಲಿ ಅವಳ ಗಂಡ ಸೆನೋಬಿಯೊ ಮಲಗಿದ್ದ. ಹಿಂದೆ ಸುಣ್ಣದ ಗೋಡೆ, ಸುತ್ತ ನೆಂಟರು. ಹೆಣ ಹೊರಡುವ ಮೊದಲು ಮನೆಯವರೆಲ್ಲ ಪಕ್ಕ ನಿಂತು ಒಂದು ಫೋಟೋ ಆಗಬೇಕು. ಅದಾಗದೆ ಈ ಕಣಿವೆಯಲ್ಲಿ ಯಾರೂ ಮಣ್ಣಿಗೆ ಹೋದವರಿಲ್ಲ. ಅಗಲ ಅಂಚಿನ ಟೋಪಿ ಇಲ್ಲಿನ ಹೆಂಗಸರ ಮರ್ಯಾದೆ, ಅದನ್ನು ತೆಗೆಯುವ ಮಾತಂತೂ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಫೋಟೋದಲ್ಲಿ ಗೋಡೆ ಹಾಲಿನಂತೆ ಬಂದಿತ್ತು, ಟೋಪಿಯ ಕೆಳಗಿನ ಮುಖಗಳು ಬಾಣಲೆಯ ತಳದಂತೆ.

“ಅಣ್ಣನ ಕಣ್ಣು ದೇವರು ಕೊಟ್ಟಿದ್ದು,” ಅಂದ ಮೈದುನ. “ಊರಿಗೆಲ್ಲ ಮುಖ ಕೊಟ್ಟೋನು, ಅವನ ಫೋಟೋನೇ ಹಿಂಗಾದ್ರೆ ಜನ ನಗ್ತಾರೆ. ಮಣ್ಣಾದ್ಮೇಲೆ ಕ್ಯಾಮೆರಾ ನನ್ನ ಅಳಿಯಂಗೆ ಕೊಟ್ಬಿಡಿ. ಸ್ಟುಡಿಯೋ ಅವನು ನೋಡ್ಕೋತಾನೆ.”

ಬೆನೆದಿಕ್ತಾ ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಳು. ಇಪ್ಪತ್ತಾರು ವರ್ಷ ಗಂಡನ ಸ್ಟುಡಿಯೋದ ಕಸ ಗುಡಿಸಿ, ಮದುಮಕ್ಕಳ ಬಟ್ಟೆ ಸರಿಮಾಡಿದ್ದಳು. ಫೋಟೋ ತೆಗೆಯುವುದು ಮಾತ್ರ ಬರುತ್ತಿರಲಿಲ್ಲ.

*

ಡಿಜಿಟಲ್ ಕ್ಯಾಮೆರಾ ಮನೆಗೆ ಬಂದು ಹನ್ನೊಂದು ವರ್ಷ. ಅದರ ತಲೆಯ ಮೇಲೊಂದು ಚಕ್ರ. ಹಸಿರು ಗುರುತಿಗೆ ತಿರುಗಿಸಿದರೆ ಎಲ್ಲ ಕ್ಯಾಮೆರಾದ್ದೇ ಯಜಮಾನಿಕೆ. ಸೆನೋಬಿಯೊ ಮಾತ್ರ ‘ಎಂ’ಗೆ ತಿರುಗಿಸುತ್ತಿದ್ದ.

“ಆ ಎಂ ಅಂದ್ರೆ ಏನ್ರೀ?”

“ಮ್ಯಾನ್ಯುಯಲ್. ಎಷ್ಟು ಬೆಳಕು, ಎಷ್ಟು ಹೊತ್ತು, ಎಲ್ಲ ನಾವೇ ಹೇಳ್ಬೇಕು.”

“ನಂಗೂ ಕಲಿಸಿ.”

“ಕಲಿಸೋಕೆ ಬರೋ ವಿದ್ಯೆ ಅಲ್ಲ ಕಣೇ. ಹುಟ್ಟುತ್ಲೇ ಬರ್ಬೇಕು.”

“ಪುಸ್ತಕ ಇರತ್ತಲ್ಲ?”

“ನೋಡ್ತೀನಿ.”

ಶನಿವಾರ ಶನಿವಾರ ಅವನು ಕೊಚಬಾಂಬಾ ಪಟ್ಟಣಕ್ಕೆ ಹೋಗಿ ಕಾಗದ, ಶಾಯಿ ತರುತ್ತಿದ್ದ. “ಹಳೇ ಪುಸ್ತಕದ ಅಂಗಡಿ ಸಾಲು ಪೂರ್ತಿ ಸುತ್ತಿದೆ. ನಮ್ಮ ಭಾಷೇಲಿ ಅಂಥದ್ದೇ ಇಲ್ಲ,” ಎಂದು ಕಾಲು ಚಾಚಿ ಕೂರುತ್ತಿದ್ದ. ತನಗಾಗಿ ಇಷ್ಟು ನಡೆದನಲ್ಲ ಎಂದು ಅವಳು ಆ ಕಾಲುಗಳನ್ನು ಬಿಸಿನೀರಲ್ಲಿಟ್ಟು ಒತ್ತುತ್ತಿದ್ದಳು. ಮುಂದಿನ ವಾರ ಸಿಕ್ಕೀತು ಎಂದು ಮೂಗಿಗೆ ತುಪ್ಪ ಸವರಿ ಅವನು ಮಲಗುತ್ತಿದ್ದ.

*

ಪುಷ್ಪಚಕ್ರ ಹಿಡಿದು ಒಬ್ಬ ಅಪರಿಚಿತ ಅಂಗಳಕ್ಕೆ ಬಂದ. ಕೊಚಬಾಂಬಾದಲ್ಲಿ ಹಳೇ ಪುಸ್ತಕ ಮಾರುವ ವಾಲ್ತೆರ್.

“ದೋನ್ಯಾ ಬೆನೆದಿಕ್ತಾ ತಾವೇನಾ? ಇಷ್ಟು ದಿನ ಬರೀ ಹೆಸರು ಕೇಳಿದ್ದೆ. ಆ ಮೂರು ಪುಸ್ತಕದಲ್ಲಿ ಯಾವುದು ಉಪಯೋಗಕ್ಕೆ ಬಂತಮ್ಮ?”

“ಯಾವ ಪುಸ್ತಕ?”

“ಕ್ಯಾಮೆರಾದ್ದು. ಹೆಂಡ್ತಿ ಕಲೀಬೇಕು ಅಂತ ನನ್ನ ಬೆನ್ನು ಬಿದ್ದು ತರಿಸ್ಕೊಂಡ್ರಲ್ಲ! ಬೇರೆ ಯಾರ್ಗೂ ಮಾರ್ಬೇಡ ಅಂತಿದ್ರು. ಎಂಥಾ ಗಂಡ!”

ಬೆನೆದಿಕ್ತಾ ಪೆಟ್ಟಿಗೆಯ ಮೇಲೆ ಬಾಗಿ ಗಂಡನ ಕೋಟಿನೊಳಗೆ ಕೈ ಹಾಕಿದಳು. ಕೊನೆಯ ಸಲ ಎದೆ ಸವರುತ್ತಿದ್ದಾಳೆ ಎಂದು ನೆಂಟರ ಹೆಂಗಸರು ಗೊಳೋ ಎಂದರು. ಅವಳು ತೆಗೆದದ್ದು ಅವನು ಸದಾ ಆ ಕೋಟಿನಲ್ಲೇ ಇಟ್ಟುಕೊಳ್ಳುತ್ತಿದ್ದ ಬೀಗದ ಕೈ.

ಸ್ಟುಡಿಯೋದ ಬೀರುವಿನಲ್ಲಿ ಮೂರೂ ಇದ್ದವು. ಪುಟಗಳ ಮೂಲೆ ಮಡಿಸಿತ್ತು, ಸಾಲುಗಳಡಿ ಪೆನ್ಸಿಲ್ ಗೆರೆಗಳಿದ್ದವು. ಒಂದು ಪುಟದ ಅಂಚಿನಲ್ಲಿ ಅವನದೇ ಅಕ್ಷರ: ‘ಟೋಪಿ ಇದ್ದರೆ ಮುಖದ ಹತ್ತಿರ ಹೋಗಿ ಬೆಳಕು ಅಳೆಯುವುದು. ಗೋಡೆಯದ್ದು ಅಲ್ಲ.’ ದೇವರು ಕೊಟ್ಟ ಕಣ್ಣು! ಮೊದಲ ಪುಟದಲ್ಲಿ ವಾಲ್ತೆರ್ ‘ದೋನ್ಯಾ ಬೆನೆದಿಕ್ತಾಗೆ, ಗೌರವದಿಂದ’ ಎಂದು ಬರೆದಿದ್ದ. ಅವಳ ಹೆಸರನ್ನು ಗೀಚಿ ಹಾಕಿ, ಮೇಲೆ ಸೆನೋಬಿಯೊ ತನ್ನ ಹೆಸರು ಬರೆದುಕೊಂಡಿದ್ದ. ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. ಸತ್ತವನಿಗಾಗಿ ಬಂದದ್ದಲ್ಲ ಅದು. ನಂಬಿಸಿ ಕತ್ತು ಕೊಯ್ದವನ ಕಾಲನ್ನು ಒತ್ತಿದ ತನ್ನ ಕೈಗಳನ್ನು ನೋಡಿ ಬಂದದ್ದು.

ಕಣ್ಣೊರೆಸಿಕೊಂಡು, ಒಂದು ಪುಸ್ತಕ ಹಿಡಿದು ಅಂಗಳಕ್ಕೆ ಬಂದಳು. ಪೆಟ್ಟಿಗೆಯ ಎದುರು ಮಣೆ ಹಾಕಿ ಕೂತಳು.

“ಅತ್ತಿಗೆ, ಪಾದ್ರಿ ಕಾಯ್ತಿದಾರೆ!”

“ಕಾಯ್ಲಿ.”

“ಅಣ್ಣ ಬಿಸಿಲಲ್ಲಿದಾನಲ್ರೀ!”

“ಅವರೂ ಕಾಯ್ಲಿ. ಯಾರೂ ಜಾಗ ಬಿಟ್ಟು ಅಲ್ಲಾಡ್ಬೇಡಿ, ಫೋಟೋ ನಾನೇ ತೆಗೆಯೋದು.”

ಯಾರೂ ಅಲ್ಲಾಡಲಿಲ್ಲ. ಸತ್ತವನ ಮೂಗಿನ ಮೇಲೊಂದು ನೊಣ ಕೂತಿತು. ಓಡಿಸಲು ಕಸಿಮಿರೊ ಕೈ ಎತ್ತಿದವನು ಅವಳ ಮುಖ ನೋಡಿ ಇಳಿಸಿದ. ಬೆನೆದಿಕ್ತಾ ಬೆರಳಿಗೆ ಎಂಜಲು ಹಚ್ಚಿ, ಮೊದಲ ಅಧ್ಯಾಯದ ಎರಡನೇ ಪುಟ ತಿರುವಿದಳು.