ಇನ್ನೂರ ಅರವತ್ತಮೂರು ಗೀರು

ನಾನು ಒಂದು ಕುಡುಗೋಲು. ಬರೀ ಕುಡುಗೋಲು. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಬೇಕು, ಏಕೆಂದರೆ ಹೊಳೆಗುಂಬಿಯ ವಸ್ತುಸಂಗ್ರಹಾಲಯದವರು ನನ್ನನ್ನು ಎರಡು ತಿಂಗಳು ಬೇರೇನೋ ಮಾಡಿಟ್ಟಿದ್ದರು. ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಮಖಮಲ್ಲು ಹಾಸಿ ಮಲಗಿಸಿ, ನನ್ನ ಪಕ್ಕದಲ್ಲಿ ಒಂದು ಚೀಟಿ ನಿಲ್ಲಿಸಿದ್ದರು. ಆ ಚೀಟಿ ಓದಿದವರೆಲ್ಲ ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು, ಕೊಲೆಗಡುಕನನ್ನು ಕಂಡ ಹಾಗೆ.

ನಾನು ಯಾರನ್ನೂ ಕೊಂದಿಲ್ಲ. ನನ್ನ ಕೆಲಸವೇ ಬೇರೆ ಇತ್ತು.

ನಾನು ಹುಟ್ಟಿದ್ದು ಹೊಳೆಗುಂಬಿಯ ಕಮ್ಮಾರ ಮೌನಪ್ಪನ ಕುಲುಮೆಯಲ್ಲಿ. ಒಡೆದ ಚಕ್ಕಡಿಯ ಗಾಲಿಗೆ ಸುತ್ತಿದ್ದ ಕಬ್ಬಿಣದ ಪಟ್ಟಿಯಿಂದ ಒಂದು ಗೇಣು ತುಂಡು ಉಳಿದಿತ್ತು. ಅದು ನಾನು. ನನ್ನನ್ನು ಕಾಯಿಸಿ ಬಡಿಯುತ್ತಿರುವಾಗ ಫಕೀರವ್ವ ಬಂದು ಬಾಗಿಲಲ್ಲಿ ಕೂತಳು. ಊರಿನ ಸೂಲಗಿತ್ತಿ. ಆಗ ಅವಳಿಗೆ ಮೂವತ್ತೂ ದಾಟಿರಲಿಲ್ಲ, ಕೆಲಸ ಅತ್ತೆಯಿಂದ ಆಗಷ್ಟೇ ಕೈಗೆ ಬಂದಿತ್ತು.

"ಮಾವಾ, ಅದಕ್ಕ ಹಲ್ಲು ಕಡೀಬ್ಯಾಡ. ಹುಲ್ಲು ಕೊಯ್ಯಾಕಲ್ಲ. ಹೊಕ್ಕಳ ಹುರಿ ಕೊಯ್ಯಾಕ," ಎಂದಳು.

ಮೌನಪ್ಪ ಸುತ್ತಿಗೆ ಕೆಳಗಿಟ್ಟ. "ಹಂಗಾರ ಇದರ ಮೊದಲನೇ ಕೆಲಸ ನಮ್ಮ ಮನ್ಯಾಗ ಮಾಡವ್ವ. ಸೊಸಿಗೆ ಇವತ್ತೋ ನಾಳೆಯೋ ಅನ್ನೂವಂಗಾಗೇತಿ."

ಹಾಗೇ ಆಯಿತು. ಕಾದ ಕಬ್ಬಿಣದ ಬಿಸಿ ನನ್ನ ಮೈಯಿಂದ ಪೂರಾ ಆರುವ ಮೊದಲೇ ಕುದಿಯುವ ನೀರಿಗೆ ಹಾಕಿದರು. ಅಲ್ಲಿಂದ ತೆಗೆದರೆ ಎದುರಿಗೆ ಒಂದು ಕೂಸು, ಕೆಂಪಗೆ, ಕಿರುಚುತ್ತ. ಫಕೀರವ್ವ ಒಂದೇ ಸಲ ಎಳೆದಳು. ಹುರಿ ಹರಿಯಿತು. ಕಮ್ಮಾರನ ಮೊಮ್ಮಗ ತನ್ನ ಸ್ವಂತ ಉಸಿರಿನ ಮೇಲೆ ಬದುಕಲು ಶುರು ಮಾಡಿದ. ನನಗೆ ಆ ದಿನವೇ ಗೊತ್ತಾಯಿತು, ನನ್ನ ಬಾಯಿ ಯಾತಕ್ಕೆ ಇದೆ ಎಂದು.

ಫಕೀರವ್ವನಿಗೆ ಓದು ಬರಹ ಇರಲಿಲ್ಲ. ಅವಳ ಪುಸ್ತಕ ನನ್ನ ಹಿಡಿ. ಜಾಲಿಮರದ ಹಿಡಿ ಅದು, ಗಟ್ಟಿ. ಕೂಸು ಹುಟ್ಟಿದ ದಿನ ಅವಳು ಏನೂ ಬರೆಯುತ್ತಿರಲಿಲ್ಲ. ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರಲ್ಲ, ಆವತ್ತು ನನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡು ಆ ಮನೆಗೆ ಹೋಗುತ್ತಿದ್ದಳು. ಕೂಸಿನ ಹೊಕ್ಕಳು ಒಣಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದಳು. ಆಮೇಲೆ ಹೊಸ್ತಿಲ ಮೇಲೆ ಕೂತು ನನ್ನ ಹಿಡಿಯ ಮೇಲೆ ಒಂದು ಗೀರು ಹಾಕುತ್ತಿದ್ದಳು. ಹದಿಮೂರು ದಿನ ಬದುಕಿದ ಕೂಸಿಗೆ ಮಾತ್ರ ಗೀರು. ಗಂಡಿಗೂ ಹೆಣ್ಣಿಗೂ ಒಂದೇ ಅಳತೆಯದು. ಕಾಲು ಮುಂದಾಗಿ ಬಂದು ತಾಯಿಯನ್ನು ಸತಾಯಿಸಿದ ಕೂಸಿಗೆ ಗೀರು ಸ್ವಲ್ಪ ಓರೆ. "ಇವರು ಜೀವನದಾಗೂ ಹಿಂಗ ಅಡ್ಡಡ್ಡ ಹೋಗೂ ಮಂದಿ," ಎಂದು ನಗುತ್ತಿದ್ದಳು.

ಒಂದು ಕಡೆ ಮಾತ್ರ ಎರಡು ಗೀರು ತುದಿಯಲ್ಲಿ ಕೂಡಿವೆ, ನಡುವೆ ಒಂದು ಚುಕ್ಕೆ. ಅವು ಅವಳದೇ ಅವಳಿ ಹೆಣ್ಣುಮಕ್ಕಳು. ಆ ದಿನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಊರಿಗೆಲ್ಲ ಸೂಲಗಿತ್ತಿಯಾದವಳಿಗೆ ಸೂಲಗಿತ್ತಿ ಇಲ್ಲ. ಅವಳೇ ಹೆತ್ತು, ಅವಳೇ ನನ್ನನ್ನು ಹಿಡಿದು ಎರಡೂ ಹುರಿ ಕೊಯ್ದಳು. ನಾನು ನನ್ನ ಕೈಲಾದಷ್ಟು ನೆಟ್ಟಗೆ ನಿಂತೆ.

ಹೀಗೆ ಇನ್ನೂರ ಅರವತ್ತಮೂರು ಗೀರು. ಮುಂದಿನದು ದೇಸಾಯರ ವಾಡೆಯ ಕೂಸಿಗೆ ಬೀಳಬೇಕಾಗಿತ್ತು.

ವಾಡೆಯಲ್ಲಿ ಅದಕ್ಕೂ ಮೊದಲು ಎರಡು ಕೂಸು ಹೋಗಿದ್ದವು. ಮೂರನೆಯದು ಗಂಡು, ಗಟ್ಟಿಯಾಗಿ ಅತ್ತಿತು. ಹಿರಿಯ ದೇಸಾಯಿಣಿ ಫಕೀರವ್ವನನ್ನು ತಡೆದು, "ಆ ಕುಡಗೋಲ ಇಲ್ಲೇ ಇಟ್ಟು ಹೋಗು. ಅದರ ಕೈಗುಣ ಛಲೋ ಐತಿ. ತೊಟ್ಟಿಲ ಕೆಳಗ ಇರಲಿ. ಹದಿಮೂರನೇ ದಿನಕ್ಕ ಬಂದು ಒಯ್ಯಿ," ಎಂದರು. ಬಾಣಂತಿಯ ಹತ್ತಿರ ಕಬ್ಬಿಣ ಇಡುವುದು ಎಲ್ಲ ಮನೆಯಲ್ಲೂ ಇತ್ತು. ಆದರೆ ಎಲ್ಲರೂ ತಮ್ಮ ಮನೆಯ ಕಬ್ಬಿಣ ಇಡುತ್ತಿದ್ದರು. ಇವರಿಗೆ ಅವಳದೇ ಬೇಕಾಯಿತು. ಒಂದು ಹಳೇ ಸೀರೆಯ ತುಂಡಿನಲ್ಲಿ ನನ್ನನ್ನು ಸುತ್ತಿ ತೊಟ್ಟಿಲಿನ ಅಡಿಗೆ ಕಟ್ಟಿದರು.

ಹದಿಮೂರನೇ ದಿನ ಫಕೀರವ್ವ ಬಂದಳು. ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದ ಅವಳ ದನಿ ನನಗೆ ಕೇಳಿಸಿತು.

"ಇವತ್ತ ಮಂದಿ ಭಾಳ ಅದಾರ, ನಾಳೆ ಬಾ," ಎಂದರು.

ಮರುದಿನ ಬಂದಳು. "ಕೂಸು ಮಲಗೇತಿ. ತೊಟ್ಟಿಲ ಅಲುಗಿಸಬ್ಯಾಡ."

ಮೂರನೇ ಸಲ ಬಂದಾಗ, "ಅದಕ್ಕ ಹಲ್ಲು ಬರೂತನಕ ಇರಲಿ ತಗೋ. ಒಂದು ಕುಡಗೋಲಿಗೆ ಎಷ್ಟ ಸಲ ಬರ್ತಿ?" ಎಂದರು. ಆ ವಾರ ಕುಂಬಾರ ಓಣಿಯಲ್ಲಿ ಹೆರಿಗೆ ಇತ್ತು. ಅವಳು ಏನು ಹಿಡಿದುಕೊಂಡು ಹೋದಳೋ ನನಗೆ ಗೊತ್ತಿಲ್ಲ. ತೊಟ್ಟಿಲಿನ ಕೆಳಗೆ ಕತ್ತಲೆಯಲ್ಲಿ ಬಿದ್ದುಕೊಂಡು ನಾನು ಮಾಡಬಹುದಾದದ್ದು ಏನಿತ್ತು? ತುಕ್ಕು ಹಿಡಿಯುವುದು. ಹಿಡಿದೆ. ಮತ್ತೆ ಅವಳ ದನಿ ಕೇಳಲಿಲ್ಲ.

ಕೂಸು ದೊಡ್ಡದಾಯಿತು. ತೊಟ್ಟಿಲು ಅಟ್ಟಕ್ಕೆ ಹೋಯಿತು, ಅದರ ಜೊತೆ ನಾನೂ. ಅರವತ್ತು ವರ್ಷಕ್ಕೂ ಮೇಲೆ.

ನನ್ನನ್ನು ಕೆಳಗಿಳಿಸಿದವರು ಅದೇ ಕೂಸು. ಈಗ ಅವರು ಅಪ್ಪಾಸಾಹೇಬ ದೇಸಾಯಿ, ನಿವೃತ್ತ ವಕೀಲರು, ಹೊಳೆಗುಂಬಿ ಇತಿಹಾಸ ಮಂಡಳಿಯ ಅಧ್ಯಕ್ಷರು. ಊರಿನ ಹಳೇ ಚಾವಡಿಯನ್ನು ವಸ್ತುಸಂಗ್ರಹಾಲಯ ಮಾಡಲು ಮಂಡಳಿ ಹೊರಟಿತ್ತು. ಅವರು ತೊಟ್ಟಿಲಿನ ಗಂಟು ಬಿಚ್ಚಿದರು, ನನ್ನನ್ನು ನೋಡಿದರು, ಹಿಡಿಯ ಮೇಲಿನ ಗೀರು ನೋಡಿದರು. ಕಣ್ಣು ತುಂಬಿ ಬಂತು. "ನಮ್ಮ ಮುತ್ಯಾನ ಆಯುಧ!" ಎಂದರು.

ಆಮೇಲೆ ಆದದ್ದು ಕೇಳಿ. ಮಂಡಳಿಯಲ್ಲಿ ಚೀಟಿ ಬರೆಯುವವರು ಹುದ್ದಾರ ಮಾಸ್ತರರು. ಕೈಬರಹ ಮುತ್ತಿನಂಥದು, ಒಪ್ಪುತ್ತೇನೆ. ಅವರು ಬರೆದರು: "ದಂಗೆಯ ಕಾಲದ ಶೌರ್ಯದ ಕುಡುಗೋಲು. ಹಿಡಿಯ ಮೇಲಿನ ಒಂದೊಂದು ಗೀರೂ ನೆಲಕ್ಕುರುಳಿದ ಒಬ್ಬೊಬ್ಬ ವೈರಿಯ ಗುರುತು. ವೀರರನ್ನು ತೊಟ್ಟಿಲಲ್ಲೇ ಆಯುಧದ ಮೇಲೆ ಮಲಗಿಸಿ ಬೆಳೆಸಿದ ಮನೆತನದ ಕೊಡುಗೆ."

ಇನ್ನೂರ ಅರವತ್ತಮೂರು ವೈರಿಗಳು! ಒಂದು ಗೇಣಿನ ಕುಡುಗೋಲಿನಲ್ಲಿ! ಆ ವಾಡೆಯಲ್ಲಿ ಯಾರಾದರೂ ಒಂದು ದಿನ ಕುಡುಗೋಲು ಹಿಡಿದದ್ದುಂಟೇ? ಕೇಳಲು ನನಗೆ ಬಾಯಿ ಇದೆ, ನಾಲಿಗೆ ಇಲ್ಲ. ಕಮ್ಮಾರನ ಮೊಮ್ಮಗನ ಗೀರು, ಕುಂಬಾರ ಓಣಿಯ ಹುಡುಗಿಯರ ಗೀರು, ಆ ಅವಳಿಗಳ ಗೀರು, ಎಲ್ಲವನ್ನೂ ಹೆಣಗಳೆಂದು ಎಣಿಸಿದರು. ಉದ್ಘಾಟನೆಯ ಆಮಂತ್ರಣದ ಮುಖಪುಟದಲ್ಲಿ ನನ್ನ ಫೋಟೋ ಅಚ್ಚಾಯಿತು.

ಇಡೀ ಚಾವಡಿಯಲ್ಲಿ ನನಗೆ ಸ್ವಲ್ಪ ನೆಮ್ಮದಿ ಕೊಡುತ್ತಿದ್ದದ್ದು ಜಯಶೀಲಾ ಟೀಚರ ಕೈ. ಪ್ರಾಥಮಿಕ ಶಾಲೆಯ ಟೀಚರು. ಮನೆಯಲ್ಲಿ ಎರಡು ಮಕ್ಕಳು, ಶಾಲೆಯಲ್ಲಿ ಐವತ್ತೆರಡು. ವಾರಕ್ಕೊಂದು ಸಿಗುವ ಭಾನುವಾರವನ್ನು ತಂದು ನಮ್ಮ ಧೂಳಿಗೆ ಸುರಿಯುತ್ತಿದ್ದರು. ಸಂಬಳವಿಲ್ಲ, ಒಂದು ಕಪ್ ಚಹಾ ಮಾತ್ರ. ಪ್ರತಿ ವಸ್ತುವನ್ನೂ ಒರೆಸಿ, ನಂಬರಿನ ದಾರ ಕಟ್ಟಿ, ದಾಖಲೆ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ನನ್ನನ್ನು ಅಳೆಯುವಾಗ ಅವರ ಹುಬ್ಬು ಗಂಟಿಕ್ಕಿತು. "ಇಷ್ಟ ಸಣ್ಣದಾಗಿ ಐತಲ್ರಿ ಮಾಸ್ತರ?" ಎಂದರು.

"ಶೌರ್ಯ ಅಳತಿ ಮ್ಯಾಲ ಇರೂದಿಲ್ಲ ಟೀಚರ," ಎಂದರು ಹುದ್ದಾರ ಮಾಸ್ತರರು.

ಟೀಚರು ಆಕಳಿಸಿ, "ಆಯುಧ" ಎಂದೇ ಬರೆದರು. ಮನೆಯಲ್ಲಿ ತೊಳೆಯುವ ಬಟ್ಟೆ ಕಾಯುತ್ತಿತ್ತು. ನಾನು ಆವತ್ತು ಅವರ ಮೇಲೂ ಸಿಟ್ಟಾದೆ.

ಉದ್ಘಾಟನೆಗೆ ಎಂಟು ದಿನ ಇರುವಾಗ ಟೀಚರು ತಮ್ಮ ಶಾಲೆಯ ಮಕ್ಕಳನ್ನು ಚಾವಡಿಗೆ ಕರೆತಂದರು. ಜೊತೆಗೆ ಬಿಸಿಯೂಟ ಮಾಡುವ ಹೊನ್ನವ್ವ ಬಂದಿದ್ದಳು, ನೀರಿನ ಕೊಡ ಹೊತ್ತುಕೊಂಡು. ಮಕ್ಕಳು ಚೀಟಿಯನ್ನು ಗಟ್ಟಿಯಾಗಿ ಓದಿದರು. ಹೊನ್ನವ್ವ ಕೊಡ ಇಳಿಸಿ ಗಾಜಿಗೆ ಮೂಗು ಹಚ್ಚಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಟೀಚರ, ಇದನ್ನ ಒಂದೀಟ ಹೊಳ್ಳಿಸ್ರಿ."

"ಮುಟ್ಟಬಾರದು ಹೊನ್ನವ್ವ. ಬೋರ್ಡ್ ಹಾಕೇವಲ್ಲ."

"ನಾ ಮುಟ್ಟಂಗಿಲ್ಲ. ನೀವ ಮುಟ್ರಿ. ಹಿಂದ ಎರಡು ಗೀರು ಕೂಡಿ ನಡುವ ಒಂದು ಚುಕ್ಕಿ ಐತೇನು ನೋಡ್ರಿ."

ಟೀಚರು ಬೀಗ ತೆಗೆದು ನನ್ನನ್ನು ತಿರುಗಿಸಿದರು. ಚುಕ್ಕೆ ಇತ್ತು.

ಹೊನ್ನವ್ವ ನೆಲದ ಮೇಲೆ ಕೂತುಬಿಟ್ಟಳು. "ಅದು ನಮ್ಮವ್ವ, ನಮ್ಮ ಸಣ್ಣವ್ವ. ಇದು ನಮ್ಮ ಆಯಿ ಫಕೀರವ್ವನ ಕುಡಗೋಲ. ವಾಡೇದಾಗ ತೊಟ್ಟಿಲ ಕೆಳಗ ಇಟಗೊಂಡವರು ಕೊಡಲೇ ಇಲ್ಲಂತ ಆಯಿ ಸಾಯೂತನಕ ಅಂತಿದ್ಲಂತ. ಆಮ್ಯಾಲ ಹೊಸಾದು ತಗೊಂಡ್ಲು, ಅದರ ಮ್ಯಾಲ ಒಂದೂ ಗೀರು ಹಾಕಲಿಲ್ಲ." ಆಮೇಲೆ ಗೀರಿನ ಅರ್ಥ ಹೇಳಿದಳು. ಮಕ್ಕಳು ನನ್ನ ಹತ್ತಿರ ಬಂದರು. ಎರಡು ತಿಂಗಳಲ್ಲಿ ಮೊದಲ ಬಾರಿ ಜನ ನನ್ನ ಕಡೆಗೆ ಹೆಜ್ಜೆ ಇಟ್ಟರು.

ಮರುದಿನ ಭಾನುವಾರ. ಟೀಚರು ದಾಖಲೆ ಪುಸ್ತಕವನ್ನು ಅಧ್ಯಕ್ಷರ ಮುಂದೆ ಬಿಡಿಸಿಟ್ಟು, ಹೊನ್ನವ್ವ ಹೇಳಿದ್ದೆಲ್ಲ ಹೇಳಿದರು. ಹೊನ್ನವ್ವ ಬಾಗಿಲ ಹತ್ತಿರ ನಿಂತಿದ್ದಳು.

"ಆಮಂತ್ರಣ ಹಂಚಿ ಆಗೇದ ಟೀಚರ," ಎಂದರು ಅಪ್ಪಾಸಾಹೇಬರು. "ಒಬ್ಬಾಕಿ ಬಾಯಿಮಾತಿನ ಮ್ಯಾಲ ಇತಿಹಾಸ ಬದಲ ಮಾಡೂಣೇನು?"

"ನೀವು ಬರೆಸಿದ್ದೂ ಬಾಯಿಮಾತ ಅಲ್ಲೇನ್ರಿ ಸರ್? ಇದು ನನ್ನ ಅಕ್ಷರ. ನಾ ಸತ್ತ ಮ್ಯಾಲೂ ಇಲ್ಲೇ ಇರ್ತದ. ಸುಳ್ಳಾಗಿ ಇರೂದು ಬ್ಯಾಡ."

ಹೊನ್ನವ್ವ ಮುಂದೆ ಬಂದಳು. "ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ನಿಮಗ ಇದು ಎಲ್ಲಿ ಸಿಕ್ತು?"

"ತೊಟ್ಟಿಲ ಕೆಳಗ. ನಾ ಮಲಗಿದ ತೊಟ್ಟಿಲ. ನಮ್ಮವ್ವ ಅಂತಿದ್ಲು, ಕುಡಗೋಲಿನ ಮ್ಯಾಲ ಬೆಳದ ಮಗ ನೀನು ಅಂತ..." ಎಂದವರು ಅಲ್ಲಿಗೇ ನಿಂತರು. ವಕೀಲರು. ತಮ್ಮ ಸಾಕ್ಷಿ ತಮಗೇ ತಿರುಗಿದ್ದು ತಿಳಿಯದೆ ಇರುತ್ತದೆಯೇ?

ಹುದ್ದಾರ ಮಾಸ್ತರರು ಪೆನ್ನಿನ ಮುಚ್ಚಳ ಹುಡುಕತೊಡಗಿದರು.

ಅಪ್ಪಾಸಾಹೇಬರು ನನ್ನನ್ನು ಕೈಗೆತ್ತಿಕೊಂಡರು. ಬೆರಳನ್ನು ಹಿಡಿಯ ಮೇಲೆ ಸಾವಕಾಶ ಆಡಿಸಿದರು. "ಹಂಗಾರ ಇದರಾಗ ನಂದು ಯಾವುದು?"

"ನಿಮ್ದು ಇಲ್ರಿ," ಎಂದಳು ಹೊನ್ನವ್ವ. "ಕುಡಗೋಲ ವಾಪಸ್ ಕೊಟ್ಟಿದ್ರ ಇರ್ತಿತ್ತು. ಹದಿಮೂರು ದಿನ ದಾಟಿದ ಕೂಸನ್ನ ಆಯಿ ಲೆಕ್ಕಕ್ಕ ಹಿಡೀತಿದ್ಲು. ನಿಮ್ಮನ್ನ ಆಕಿ ಇನ್ನೂ ಹಿಡಿದಿಲ್ಲ."

ಅಪ್ಪಾಸಾಹೇಬರ ಬೆರಳು ಹಿಡಿಯ ತುದಿಯ ಖಾಲಿ ಜಾಗಕ್ಕೆ ಹೋಯಿತು.

"ಈಗ ಹಾಕಾಕ ಬರತದೇನು?" ಅವರ ದನಿ ಇಳಿದಿತ್ತು. ಹೊನ್ನವ್ವ ಗೀರು ಹಾಕಲೆಂದು ಸೊಂಟದ ಎಲೆ ಅಡಿಕೆ ಚೀಲದಿಂದ ಅಡಕೊತ್ತು ತೆಗೆದಳು. ಅದನ್ನು ನೋಡಿದಳು, ಚೀಟಿ ನೋಡಿದಳು, ಅಡಕೊತ್ತನ್ನು ಮುಷ್ಟಿಯಲ್ಲೇ ಇಟ್ಟುಕೊಂಡಳು. "ಮೊದಲು ಚೀಟಿ ಬದಲ ಆಗಲಿ. ಆಮ್ಯಾಲ ನೋಡೂಣ್ರಿ."

ಚೀಟಿ ಬದಲಾಯಿತು, ಅದನ್ನು ನಾನು ಮುಚ್ಚಿಡುವುದಿಲ್ಲ. ಟೀಚರು ದಾಖಲೆ ಪುಸ್ತಕದಲ್ಲಿ "ಆಯುಧ" ಎಂಬುದನ್ನು ಒಂದು ಗೆರೆ ಎಳೆದು ಹೊಡೆದುಹಾಕಿ, ತಪ್ಪು ಬರೆದವಳು ತಾನೇ ಎಂದು ಪಕ್ಕದಲ್ಲಿ ಸಹಿ ಮಾಡಿದರು. ಉದ್ಘಾಟನೆಯ ದಿನ ನನ್ನ ಪಕ್ಕದಲ್ಲಿ ಹೊಸ ಚೀಟಿ ಇತ್ತು: "ಸೂಲಗಿತ್ತಿ ಫಕೀರವ್ವನ ಕುಡುಗೋಲು. ಒಂದೊಂದು ಗೀರೂ ಬದುಕಿದ ಒಂದೊಂದು ಕೂಸು." ಹೊನ್ನವ್ವ ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದಳು. ಟೀಚರು ಓದಿ ಹೇಳಿದರು. ಅವಳು ತಲೆಯಾಡಿಸಿದಳು. ಅಡಕೊತ್ತಿಗಾಗಿ ಅವಳ ಕೈ ಸೊಂಟದ ಚೀಲದೊಳಗೆ ಹೋಯಿತು.

"ಕೆಳಗ ಇನ್ನೊಂದು ಸಾಲು ಕಾಣತೈತಲ್ರಿ, ಸಣ್ಣಂದು? ಅದೇನು?"

ಟೀಚರು ತಡವರಿಸಿದರು. "ಕೊಡುಗೆ: ದೇಸಾಯಿ ಮನೆತನ."

"ಕೊಡುಗಿ?" ಹೊನ್ನವ್ವನ ದನಿ ಚಾವಡಿಯ ತುಂಬ ಕೇಳಿಸಿತು. "ನಮ್ಮ ಆಯೀದು ಇಟಗೊಂಡು ಕುಂತವರು ಈಗ ಕೊಡುಗಿ ಕೊಟ್ರಾ? ತಡಾ ಮಾಡಿ ವಾಪಸ್ ಕೊಟ್ಟಾರ ಅಂತ ಬರೀರಿ!"

ಅಡಕೊತ್ತು ಚೀಲದಲ್ಲೇ ಉಳಿಯಿತು.

ಈಗ ನಾನು ಮುದುಕ. ಎಣ್ಣೆ ಸವರಿದ ಮೈ, ಮಖಮಲ್ಲಿನ ಹಾಸಿಗೆ, ಯಾವ ಕೊರತೆಯೂ ಇಲ್ಲ. ಆದರೂ ನನ್ನ ಸಿಟ್ಟು ಇಳಿದಿಲ್ಲ. ಆ ಸಾಲು ಬದಲಿಸಲು ಕಾರ್ಯಕಾರಿ ಸಮಿತಿಯ ಸಭೆ ಆಗಬೇಕಂತೆ. ಸಭೆ ಮೂರು ಸಲ ಮುಂದೆ ಹೋಗಿದೆ. ನಾಳೆ ಬಾ, ನಾಳೆ ಬಾ. ಈ ದನಿ ನನಗೆ ಹೊಸದಲ್ಲ. ಹೊನ್ನವ್ವ ಭಾನುವಾರ ಭಾನುವಾರ ಬರುತ್ತಾಳೆ, ಹಿತ್ತಲ ಬಾಗಿಲಿಂದ ಅಲ್ಲ, ಮುಂದಿನ ಬಾಗಿಲಿಂದ. "ಐತೇನ್ರಿ ಟೀಚರ ಆ ಸಾಲು?" ಎಂದು ಕೇಳುತ್ತಾಳೆ. "ಐತಿ ಹೊನ್ನವ್ವ." "ಹಂಗಾರ ಇರಲಿ," ಎಂದು ಎಲೆ ಹಾಕಿಕೊಂಡು ಹೋಗುತ್ತಾಳೆ.

ಅಪ್ಪಾಸಾಹೇಬರೂ ಬರುತ್ತಾರೆ, ಯಾರೂ ಇಲ್ಲದಾಗ. ಚೀಟಿಯ ಕಡೆ ನೋಡುವುದಿಲ್ಲ. ಗಾಜಿನ ಮೇಲೆ ಬಗ್ಗಿ ನನ್ನ ಹಿಡಿಯ ತುದಿಯನ್ನೇ ನೋಡುತ್ತಾರೆ. ಅಲ್ಲಿ ಒಂದು ಗೀರಿನಷ್ಟು ಜಾಗ ಖಾಲಿ ಇದೆ. ಎಪ್ಪತ್ತರ ಹತ್ತಿರ ಬಂದ ಈ ಕೂಸಿನ ಹುರಿಯನ್ನು ಕೊಯ್ದದ್ದು ನಾನೇ. ಅದು ಬದುಕಿತು ಎಂದು ಹೇಳಲು ನನಗೂ ಆಸೆ ಇದೆ. ಆದರೆ ನಾನು ಫಕೀರವ್ವನ ಕುಡುಗೋಲು, ಅವಳ ಲೆಕ್ಕ ತಪ್ಪಿಸಲಾರೆ.

ಇನ್ನೂರ ಅರವತ್ತಮೂರು. ಆ ಸಾಲು ಅಳಿಸುವ ತನಕ ಅಷ್ಟೇ.