ಮೂರನೆಯ ಕಂಪ್ರೆಸರ್‌ಗೂ ಹಸಿರು

ಕೇಕಿನ ಮೇಲಿನ ಕ್ರೀಮು ಕೂಡ ಹಸಿರು, ಗೋಡೆಯ ಪರದೆಯ ಮೇಲಿರುವಂಥದ್ದೇ ಹಸಿರು, ಒಂದೊಂದು ಯಂತ್ರದ ಹೆಸರಿನ ಮುಂದೂ ಒಂದೊಂದು ಹಸಿರು ಗುರುತು, ಚೀಸ್ ಕಾರ್ಖಾನೆಯ ಊಟದ ಕೋಣೆಯಲ್ಲಿ ಲೈಲ್ ಸ್ಕೋಗನ್ ಕಾಗದದ ತಟ್ಟೆ ಹಿಡಿದು ನಿಂತಿದ್ದಾನೆ, ರಿಪೇರಿ ವಿಭಾಗದ ಮುಖ್ಯಸ್ಥ ಬೇರೆ, ನಗಬೇಕು, ನಗುತ್ತಿದ್ದಾನೆ — ಹೊಸ ಸಾಫ್ಟ್‌ವೇರ್ ಬಂದ ಮೇಲೆ ಒಂದು ಕೆಲಸವೂ ಬಾಕಿ ಉಳಿದಿಲ್ಲ ಎನ್ನುತ್ತಿದ್ದಾಳೆ ಹೆಡ್ಡಾಫೀಸಿನ ಕೆಲ್ಸಿ, ಉಳಿದಿಲ್ಲವಂತೆ, ಯಂತ್ರದ ಕೋಣೆಯಲ್ಲಿ, ಚೀಸ್ ತಣ್ಣಗಿಡುವ ಮೂರನೆಯ ಅಮೋನಿಯಾ ಕಂಪ್ರೆಸರ್ ಕೆಳಗೆ ಬೆಳಿಗ್ಗೆ ತಾನೇ ಇಟ್ಟು ಬಂದ ಕಾಫಿ ಡಬ್ಬಿ, ಅದರೊಳಗೆ ಎಣ್ಣೆ, ತೊಟ್, ತೊಟ್ — ಹಳೆಯ ಎಕ್ಸೆಲ್ ಹಾಳೆಯನ್ನು ಬೈಯದವರಿಲ್ಲ, ಲೈಲ್ ಕೂಡ ಬಾಯಿಗೆ ಬಂದಂತೆ ಬೈದಿದ್ದ, ಆದರೆ ಅದರಲ್ಲಿ ಆಗದ ಕೆಲಸದ ಮನೆ ಖಾಲಿ ಇರುತ್ತಿತ್ತು, ಕಿತ್ತ ಹಲ್ಲಿನ ಜಾಗಕ್ಕೆ ನಾಲಿಗೆ ಹೋದಂತೆ ಸೋಮವಾರ ಕಣ್ಣು ಅಲ್ಲಿಗೇ ಹೋಗುತ್ತಿತ್ತು, ಈ ಹೊಸದರಲ್ಲಿ ಖಾಲಿ ಎಂಬುದೇ ಇಲ್ಲ, ಕೆಲಸ ಮುಗಿದರೆ ಹಸಿರು, ಹೊತ್ತು ಮೀರಿದರೆ ಕೆಂಪು, ಕೆಂಪಾದರೆ ಹೆಡ್ಡಾಫೀಸಿಗೆ ಸುದ್ದಿ, ನಾಳೆ ಜಿಂಕೆ ಬೇಟೆ ಶುರು ಎನ್ನುವ ಶುಕ್ರವಾರ ಮಧ್ಯಾಹ್ನ ಇಡೀ ವಿಸ್ಕಾನ್ಸಿನ್‌ನಲ್ಲಿ ಯಾರು ಸ್ಪ್ಯಾನರ್ ಹಿಡಿಯುತ್ತಾರೆ, ಅವತ್ತು ಅರ್ಧ ಕಾರ್ಖಾನೆ ಬೇಟೆಯ ಕಿತ್ತಳೆ ಕೋಟು ತೊಟ್ಟು ಪಾರ್ಕಿಂಗ್‌ನಲ್ಲಿ ನಿಂತಿತ್ತು, ಪಿಕಪ್‌ಗೆ ಕೋವಿ ಏರಿಸುತ್ತಾ ಡ್ವೇನ್, ಫಿಟ್ಟರ್ ಡ್ವೇನ್, ಲೈಲ್‌ನ ತಂಗಿಯ ಗಂಡ, ಅಂದಿದ್ದ, ಭಾವ, ಮೂರನೇದರ ಸೀಲ್ ಬದಲಾಯ್ಸಕ್ಕೆ ಆಗ್ಲಿಲ್ಲ, ಹಸಿರು ಒತ್ಬಿಟ್ಟೆ, ಸೋಮವಾರ ಬಂದು ಮಾಡ್ತೀನಿ ಬಿಡು, ಸೋಮವಾರ ಬಂತು, ಹಸಿರಾದ ಕೆಲಸ ಬಾಕಿ ಪಟ್ಟಿಯಿಂದಲೇ ಮಾಯ, ವಸಂತದ ತಪಾಸಣೆಯವರೆಗೆ ಮತ್ತೆ ಕಣ್ಣಿಗೆ ಬೀಳುವುದಿಲ್ಲ, ಡ್ವೇನ್ ಜಿಂಕೆಯ ಕೊಂಬಿನ ಫೋಟೋ ತೋರಿಸಿದ, ಸೀಲ್ ಮರೆತ, ತೊಟ್.

ಈಗ ಬಿಚ್ಚೋಣವೆಂದರೆ ಯಂತ್ರ ನಿಲ್ಲಿಸಬೇಕು, ನಿಲ್ಲಿಸಿದರೆ ಕಾರಣ ಹೇಳಬೇಕು, ಸುಳ್ಳು ಹಸಿರು ಒತ್ತಿದವನು ಅವತ್ತೇ ಮನೆಗೆ ಎಂದು ಕೆಲ್ಸಿ ಮೊದಲ ದಿನವೇ ಹೇಳಿದ್ದಾಳೆ, ಡ್ವೇನ್‌ನ ಕೆಲಸ ಹೋದರೆ ಕಂಪನಿ ಕೊಡುವ ಆರೋಗ್ಯ ವಿಮೆ ಹೋಯಿತು, ವಿಮೆ ಹೋದರೆ ತಂಗಿಯ ಡಯಾಲಿಸಿಸ್ — ಯಂತ್ರದ ಕೋಣೆಯ ಗೋಡೆಯ ಆಚೆಗೆ ಪ್ಯಾಕಿಂಗ್ ಹೆಂಗಸರು, ಸೀಲ್ ಒಡೆದರೆ ನುಗ್ಗುವ ಅಮೋನಿಯಾ ಕಣ್ಣು ಸುಡುತ್ತದೆ, ಎದೆ ಸುಡುತ್ತದೆ, ಬಾಗಿಲು ಹುಡುಕಲೂ ಬಿಡುವುದಿಲ್ಲ, ಅವರೂ ಯಾರದೋ ತಂಗಿಯರೇ, ಥೂ, ತನ್ನ ಮೇಲೆ ತನಗೇ ಹೇಸಿಗೆ.

ಲೈಲ್, ಎಂದಳು ಕೆಲ್ಸಿ, ಕೇಕಿನ ಚಾಕು ಕೈಯಲ್ಲೇ ಇದೆ, ಮೂರನೇ ಕಂಪ್ರೆಸರ್ ಯಾಕೋ ಜಾಸ್ತಿ ಸದ್ದು ಮಾಡ್ತಿದೆ ಅಂತ ನೋರೀನ್ ಹೇಳ್ತಿದ್ಲು, ಸರಿ ಇದೆ ತಾನೇ, ಪ್ಯಾಕಿಂಗ್‌ನ ನೋರೀನ್ ಪಕ್ಕದಲ್ಲೇ ನಿಂತಿದ್ದಾಳೆ, ಡ್ವೇನ್ ತಲೆ ಎತ್ತುತ್ತಿಲ್ಲ, ಹೇಳಿಬಿಡು, ಈಗಲೇ, ಬಾಯಿ ತೆರೆದಿದೆ, ತಂಗಿಯ ತೋಳಿನಲ್ಲಿ ಸೂಜಿ, ಬೆರಳು ತಾನಾಗಿ ಪರದೆಯ ಕಡೆ ಎದ್ದಿತು, ಹಸಿರೇ ತೋರಿಸ್ತಿದೆಯಲ್ಲ ಕೆಲ್ಸಿ, ಇನ್ನೇನು ಬೇಕು, ತನ್ನದೇ ದನಿ, ಎಲ್ಲರೂ ನಕ್ಕರು, ಚಪ್ಪಾಳೆ ಬೇರೆ, ನಂಗೇ ಕಿವಿ ಕೆಟ್ಟಿರಬೇಕು ಬಿಡಿ ಎಂದಳು ನೋರೀನ್, ಅವನ ತಟ್ಟೆಗೆ ದೊಡ್ಡ ತುಂಡನ್ನೇ ಹಾಕಿ ಪಾಳಿಗೆ ಹೊರಟಳು, ಆ ಗೋಡೆಯ ಪಕ್ಕಕ್ಕೆ, ಬಾಗಿಲು ಮುಚ್ಚಿಕೊಂಡಿತು, ಡಬ್ಬಿ ಈ ಹೊತ್ತಿಗೆ ತುಂಬಿರಬೇಕು, ತುಂಬಿದೆ, ಅಂಚಿನವರೆಗೂ ಎಣ್ಣೆ, ಅದರ ಮೇಲೆ ಒಂದು ತೊಟ್ಟು, ಇನ್ನೂ ಬೀಳದ ಒಂದು ತೊಟ್ಟು